ಮರಿಯಲ್ಲ, ಕೆಂಚೇಳು!



ಮಳೆ ಹಿಡಿಯಿತೆಂದರೆ ಹಿತ್ತಲಲ್ಲಿದ್ದ ಕುಳ್ಳು, ಕಟ್ಟಿಗೆಯೆಲ್ಲ ಒಳಗೆ ಬಂದು ಬಚ್ಚಲ ಒಲೆಯ ಪಕ್ಕ ಕೂರುತ್ತವೆ. ಅವುಗಳ ಜೊತೆ ಕರೆಯದೇ ಬರುವ ಒಬ್ಬ ನೆಂಟನ ವಿಷಯ ಈ ಸಲ ಹೇಳುತ್ತೇನೆ. ಹೆದರಿಸಲಿಕ್ಕಲ್ಲ, ಎಚ್ಚರಿಸಲಿಕ್ಕೆ.

2009ರ ಮಾತು. ಪಂಚಮಿ ಹಬ್ಬಕ್ಕೆಂದು ನಾದಿನಿ ತವರಿಗೆ ಬಂದಿದ್ದಳು. ಅವಳ ಏಳು ವರ್ಷದ ಮಗ ನೀರೊಲೆಗೆ ಕಟ್ಟಿಗೆ ತರಲು ಹೋಗಿ ಚೀರಿಕೊಂಡ. ಓಡಿ ಹೋಗಿ ನೋಡಿದರೆ ಎರಡಂಗುಲದ ಕೆಂಪು ಚೇಳು. "ಮರಿಚೇಳು ಬಿಡವ್ವಾ, ಒಂದು ತಾಸು ಉರದು ಹೋಗತೈತಿ" ಅಂದರು ಅತ್ತೆಯವರು. ನಾನೂ ಹಾಗೇ ತಿಳಿದು ಈರುಳ್ಳಿ ತಿಕ್ಕುತ್ತಾ ಕೂತೆ. ಅರ್ಧ ತಾಸಿನಲ್ಲಿ ಹುಡುಗ ಸ್ನಾನ ಮಾಡಿದವನ ಹಾಗೆ ಬೆವತ, ಎರಡು ಸಲ ವಾಂತಿ ಮಾಡಿದ, ಕೈಕಾಲು ತಣ್ಣಗಾದವು. ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. "ಅದು ಮರಿಯಲ್ಲಮ್ಮ, ಬೆಳೆದ ಕೆಂಚೇಳು. ಅದರ ಗಾತ್ರವೇ ಅಷ್ಟು" ಅಂದರು ಡಾಕ್ಟರು. ಎರಡು ರಾತ್ರಿ ನಾದಿನಿಯ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಹುಡುಗ ಉಳಿದ. ಆದರೆ ಆ ಅರ್ಧ ತಾಸು ನಾನು ಇಂದಿಗೂ ಮರೆತಿಲ್ಲ.

ನಾವು ಮಾಡುವ ತಪ್ಪು ಇದೇ ನೋಡಿ. ಕರಿಚೇಳು ದೊಡ್ಡದು, ಅದರ ಇಕ್ಕಳವೂ ದಪ್ಪ. ಕಂಡರೆ ಎದೆ ಝಲ್ ಅನ್ನುತ್ತದೆ. ಕುಟುಕಿದರೆ ನೋವಂತೂ ಸರಿ, ಆದರೆ ಜೀವಕ್ಕೆ ಅಪಾಯ ಅಪರೂಪ. ಕೆಂಚೇಳು ಬಾಲ ಸೇರಿ ಎರಡು ಮೂರು ಅಂಗುಲ. ಇಕ್ಕಳ ಸಣ್ಣ, ಬಾಲ ದಪ್ಪ. ಕಡು ವಿಷ ಇರುವುದು ಇದರಲ್ಲೇ. ನಿಜವಾದ ಚೇಳುಮರಿಗಳು ಹುಟ್ಟಿದ ಮೊದಲ ದಿನಗಳಲ್ಲಿ ಬೆಳ್ಳಗಿದ್ದು, ತಾಯಿಯ ಬೆನ್ನ ಮೇಲೇ ಇರುತ್ತವೆ.

ಇದರ ಮನೆ ಯಾವುದು? ಒಣ ನೆಲದ ಕಲ್ಲಿನಡಿ, ಮರದ ತೊಗಟೆಯಡಿ, ಗೋಡೆಯ ಬಿರುಕು. ಯಾದಗಿರಿ ಜಿಲ್ಲೆಯ ಕಂದಕೂರಿನಲ್ಲಿ ನಾಗರ ಪಂಚಮಿಯ ದಿನ ಜನ ಕೊಂಡಮ್ಮಾಯಿ ಗುಡ್ಡದ ಕಲ್ಲುಗಳನ್ನೆತ್ತಿ ಚೇಳು ಹಿಡಿದು ಮೈಮೇಲೆ ಬಿಟ್ಟುಕೊಳ್ಳುತ್ತಾರೆ. ಭಕ್ತಿಯ ಮಾತು ಬೇರೆ, ನಾವು ತಿಳಿಯಬೇಕಾದ್ದು ಕಲ್ಲೆತ್ತಿದಲ್ಲಿ ಚೇಳು ಇರುತ್ತದೆ ಅನ್ನುವುದು. ನಮ್ಮ ಕಟ್ಟಿಗೆ ರಾಶಿ, ಇಟ್ಟಿಗೆ ಗುಡ್ಡೆ, ಹೆಂಚಿನ ಸಂದು ಅದಕ್ಕೆ ಅಂಥದೇ ಗುಡ್ಡ. ಹಗಲು ಅಡಗಿರುತ್ತದೆ, ರಾತ್ರಿ ಜಿರಲೆ, ಮಿಡತೆ ಹುಡುಕಿ ಹೊರಡುತ್ತದೆ.

ಕುಟುಕಿದರೆ ಏನು ಮಾಡಬೇಕು? ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. ಮಕ್ಕಳನ್ನಂತೂ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ನೋವು ಎಷ್ಟಿದೆ ಅಂತ ನೋಡಿ ವಿಷ ಅಳೆಯಬೇಡಿ. ಬೆವರು, ವಾಂತಿ, ಜೊಲ್ಲು, ತಣ್ಣಗಾದ ಕೈಕಾಲು, ಏದುಸಿರು ಕಂಡರೆ ಒಂದು ನಿಮಿಷವೂ ಕಾಯಬಾರದು. ಈ ವಿಷ ಹೃದಯದ ಮೇಲೆ ಭಾರ ಹಾಕಿ ಶ್ವಾಸಕೋಶದಲ್ಲಿ ನೀರು ತುಂಬಿಸುತ್ತದೆ.

ಸಮಾಧಾನದ ಸಂಗತಿಯೂ ಇದೆ. ನೆರೆಯ ಮಹಾರಾಷ್ಟ್ರದ ಮಹಾಡ್ ಎಂಬ ಊರಿನ ಡಾ. ಹಿಮ್ಮತರಾವ್ ಬಾವಸ್ಕರ್ ಅವರು 1980ರ ದಶಕದಲ್ಲಿ, ರಕ್ತದೊತ್ತಡಕ್ಕೆ ಕೊಡುವ ಪ್ರಾಜೋಸಿನ್ ಎಂಬ ಮಾತ್ರೆ ಕೆಂಚೇಳಿನ ವಿಷಕ್ಕೂ ಆಗುತ್ತದೆಂದು ತೋರಿಸಿದರು. ಅದರಿಂದ ಸಾವು ಬಹಳ ಇಳಿಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮ ಹುಡುಗನಿಗೂ ಕೊಟ್ಟದ್ದು ಅದೇ ಮಾತ್ರೆ. ಆದರೆ ಇದನ್ನು ಡಾಕ್ಟರೇ ಕೊಡಬೇಕು, ಮನೆಯಲ್ಲಿ ತಂದಿಟ್ಟುಕೊಂಡು ನಾವೇ ಕೊಡುವಂಥದ್ದಲ್ಲ.

ಇನ್ನು ಮನೆಯಲ್ಲಿ ಇಷ್ಟು ಮಾಡಿ:

* ಕಟ್ಟಿಗೆ, ಕುಳ್ಳು ಗೋಡೆಗೆ ತಾಗದಂತೆ, ನೆಲದಿಂದ ಮೇಲಕ್ಕೆ ಒಟ್ಟಿರಿ. ತೆಗೆಯುವಾಗ ಮೊದಲು ಕೋಲಿನಿಂದ ತಟ್ಟಿ.
* ಚಪ್ಪಲಿ, ಬೂಟು, ಹಾಸಿಗೆ ಕೊಡವಿಯೇ ಬಳಸಿ.
* ಗೋಡೆಯ ಬಿರುಕು ಮುಚ್ಚಿಸಿ. ಜಿರಲೆ ಕಡಿಮೆಯಾದರೆ ಚೇಳೂ ಕಡಿಮೆ.
* ಕತ್ತಲಲ್ಲಿ ಬರಿಗಾಲಲ್ಲಿ ಹಿತ್ತಲಿಗೆ ಹೋಗಬೇಡಿ.

ಈಗ ನಮ್ಮನೆ ಮಕ್ಕಳು ಕಟ್ಟಿಗೆ ಮುಟ್ಟುವ ಮೊದಲು ಕೋಲು ಹುಡುಕುತ್ತಾರೆ. "ಮರಿ ಬಿಡವ್ವಾ" ಎಂಬ ಮಾತು ಅತ್ತೆಯವರ ಬಾಯಲ್ಲಿ ಮತ್ತೆ ಬರಲಿಲ್ಲ. ನಿಮ್ಮ ಮನೆಯಲ್ಲೂ ಯಾರೂ ಹಾಗೆ ಅನ್ನದಿರಲಿ.