ಸದ್ದಿಲ್ಲದೆ ಕಳಚುವ ಕೊಕ್ಕೆ

ನಮ್ಮ ಕನ್ನಡ ಶಾಲೆಯಲ್ಲಿ ಕಲಿತು ಈಗ ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಿರುವ ಹುಡುಗನೊಬ್ಬ ಮೊನ್ನೆ ಮನೆಗೆ ಬಂದಿದ್ದ. ಮೌಸ್‌ನ ಪ್ರತಿಯೊಂದು ಚಲನೆಯನ್ನೂ ದಾಖಲಿಸುವ ವಿಂಡೋಸ್ ಪ್ರೋಗ್ರಾಮೊಂದನ್ನು ಬರೆದಿದ್ದ. "ಮಾಷ್ಟ್ರೇ, ಸ್ವಲ್ಪ ಹೊತ್ತು ಸರಿಯಾಗಿ ನಡೆಯುತ್ತದೆ, ಮತ್ತೆ ನಿಲ್ಲುತ್ತದೆ. ತಪ್ಪೆಂದು ಯಾವ ಸೂಚನೆಯೂ ಬರುವುದಿಲ್ಲ" ಎಂಬುದು ಅವನ ಅಳಲು. ಕಂಡವರ ಕೋಡನ್ನು ನಕಲು ಮಾಡುವುದರಲ್ಲೇ ನಾಲ್ಕು ದಿನ ಕಳೆದಿದ್ದ.

'ಹುಕ್' ಎಂದರೇನೆಂದು ಕೇಳಿದೆ. ಇಂಗ್ಲಿಷಿನಲ್ಲಿ ವ್ಯಾಖ್ಯೆ ಒಪ್ಪಿಸಿದ. ಕನ್ನಡದಲ್ಲಿ ಹೇಳೆಂದಾಗ ತಡವರಿಸಿದ. ತೊಡಕಿದ್ದುದು ಅಲ್ಲಿಯೇ.

ನಮ್ಮ ಅಡಿಕೆ ತೋಟಗಳ ತೋಡನ್ನು ನೆನೆಯಿರಿ. ಮೇಲಿನವನು ನೀರು ತಡೆದರೆ ಕೆಳಗಿನ ತೋಟ ಒಣಗುತ್ತದೆ. ಮೌಸ್‌ನ ಸಂದೇಶಗಳೂ ಎಲ್ಲ ಪ್ರೋಗ್ರಾಮುಗಳಿಗೆ ಸೇರಿದ ಅಂಥದೇ ತೋಡಿನಲ್ಲಿ ಹರಿಯುತ್ತವೆ. ಹುಕ್ ಎಂಬುದು ನಾವು ಅಲ್ಲಿ ಸಿಕ್ಕಿಸುವ ಕೊಕ್ಕೆ. ಬಂದುದನ್ನು ನೋಡಿ ಕೂಡಲೇ ಮುಂದಕ್ಕೆ ಬಿಡುವುದು ಅದರ ಧರ್ಮ.

ಇಬ್ಬರೂ ಕುಳಿತು ಮೈಕ್ರೋಸಾಫ್ಟಿನ ವಿವರಣೆ ಓದಿದೆವು. ಈ ಕೆಲಸಕ್ಕೆ ಗಡುವಿದೆ; ವಿಂಡೋಸ್ 10ರ 1709 ಆವೃತ್ತಿಯಿಂದೀಚೆಗೆ ಅದು ಹೆಚ್ಚೆಂದರೆ 1000 ಮಿಲಿಸೆಕೆಂಡು. ಗಡುವು ಮೀರುವ ಹುಕ್ಕನ್ನು ವಿಂಡೋಸ್ 7 ಮತ್ತು ಅನಂತರದ ವ್ಯವಸ್ಥೆಗಳು ಸದ್ದಿಲ್ಲದೆ ಕಿತ್ತುಹಾಕಬಲ್ಲವು. ಪ್ರೋಗ್ರಾಮಿಗೆ ಅದರ ಸುಳಿವೂ ಸಿಗದು. ನಮ್ಮ ಹುಡುಗನಾದರೋ ಪ್ರತಿ ಚಲನೆಗೂ ಹುಕ್ಕಿನೊಳಗೇ ಫೈಲು ತೆರೆದು, ಬರೆದು, ಮುಚ್ಚುತ್ತಿದ್ದ! ಹುಕ್ಕಿನಲ್ಲಿ ಸಂದೇಶವನ್ನು ಸಾಲಿಗೆ ಸೇರಿಸುವುದಷ್ಟೇ ಇರಲಿ, ಬರೆಯುವ ಕೆಲಸ ಬೇರೆ ಥ್ರೆಡ್ಡಿಗೆ ಹೋಗಲಿ ಎಂದು ತಿದ್ದಿದ ಮೇಲೆ ಪ್ರೋಗ್ರಾಂ ನಿಲ್ಲಲಿಲ್ಲ.

ಇನ್ನು ಮೂರು ಪ್ರಶ್ನೆಗಳನ್ನೂ ಕೇಳಿಕೊಳ್ಳಬೇಕು. ಹುಕ್ ಹೂಡಿದ ಥ್ರೆಡ್ಡಿನಲ್ಲಿ ಮೆಸೇಜ್ ಲೂಪ್ ಇದೆಯೇ? ಸಿ ಶಾರ್ಪ್ ಆದರೆ, ಡೆಲಿಗೇಟನ್ನು ಸ್ಟ್ಯಾಟಿಕ್ ಫೀಲ್ಡಿನಲ್ಲಿ ಉಳಿಸಿಕೊಂಡಿದ್ದೇವೆಯೇ? ಇಲ್ಲವಾದರೆ ಗಾರ್ಬೇಜ್ ಕಲೆಕ್ಟರ್ ಅದನ್ನು ಕಸವೆಂದು ಗುಡಿಸೀತು. ಕೊನೆಯಲ್ಲಿ 'ಕಾಲ್‌ನೆಕ್ಸ್ಟ್‌ಹುಕ್‌ಎಕ್ಸ್' ಕರೆದು ಸಂದೇಶವನ್ನು ಮುಂದಕ್ಕೆ ಬಿಟ್ಟಿದ್ದೇವೆಯೇ? ಹುಕ್ಕಿನೊಳಗೆ ಬ್ರೇಕ್‌ಪಾಯಿಂಟ್ ಇಟ್ಟು ಪರೀಕ್ಷಿಸಹೊರಟರೆ ಮೌಸೇ ತಡವರಿಸುತ್ತದೆ ಎಂಬುದೂ ನೆನಪಿರಲಿ.

ಇಂಗ್ಲಿಷ್ ಪಾರಿಭಾಷಿಕ ಪದಗಳು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಮನೆಯಲ್ಲಿ ತುಳುವೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಕಂಪ್ಯೂಟರಿಗೆ ಮಾತ್ರ ಇಂಗ್ಲಿಷ್ ಎಂದು ನಾವೇ ಬೇಲಿ ಹಾಕಿದರೆ, ಮಕ್ಕಳು ಕೋಡನ್ನು ಬಾಯಿಪಾಠ ಮಾಡಿಯಾರೇ ಹೊರತು ತಪ್ಪನ್ನು ಹುಡುಕಲಾರರು. ಸದ್ದು ಮಾಡದ ತಪ್ಪನ್ನು ವಿಚಾರದಿಂದಲೇ ಹಿಡಿಯಬೇಕು. ವಿಚಾರಕ್ಕೆ ಬೇಕಾದುದು ತಾನು ಬಲ್ಲ ಭಾಷೆ. ಹೆತ್ತವರು ಕಂಪ್ಯೂಟರ್ ಬಲ್ಲವರಾಗಬೇಕೆಂದಿಲ್ಲ. "ಇವತ್ತು ಏನು ಕಲಿತೆ? ನನಗೆ ತಿಳಿಯುವ ಹಾಗೆ ಹೇಳು" ಎಂದು ಸಂಜೆ ಹೊತ್ತು ಕೇಳಿದರೆ ಸಾಕು.