ದುರ್ಬೀನಿಗೆ ಕುಂಕುಮ

ಆಯುಧಪೂಜೆಯ ದಿನ ದಾವಣಗೆರೆಯ ನಮ್ಮ ಮನೆಯಲ್ಲಿ ಕುಂಕುಮ ಹಚ್ಚಿಸಿಕೊಳ್ಳುವ ಸಾಮಾನುಗಳ ಸಾಲು ದೊಡ್ಡದು. ಮಗನ ಸ್ಕೂಟರು, ಹೊಲಿಗೆ ಯಂತ್ರ, ಮಿಕ್ಸಿ, ಈಳಿಗೆಮಣೆ, ಕೊನೆಯಲ್ಲಿ ಒಂದು ಹಳೆಯ ದುರ್ಬೀನು. ಬಂದೂಕಿನ ಮೇಲೆ ಕೂರಿಸುವ ದುರ್ಬೀನು ಅದು. ಬಂದೂಕು ಮಾತ್ರ ನಮ್ಮ ಮನೆಯಲ್ಲಿ ಯಾವ ಕಾಲಕ್ಕೂ ಇರಲಿಲ್ಲ. ಕಳೆದ ವರ್ಷ ನನ್ನ ಸೊಸೆ ಭಕ್ತಿ ಹೆಚ್ಚಾಗಿ ಅದರ ಗಾಜಿಗೇ ವಿಭೂತಿ ಎಳೆದು, ಮಾರನೆಯ ದಿನ ಸೆರಗಿನಿಂದ ತಿಕ್ಕಿ ಒರೆಸಿದಳು. ಗಾಜಿಗೆ ಗೀರು ಬಿತ್ತು. ಹೋಗಲಿ, ಗೀರಿನ ಜಗಳ ಅಲ್ಲ ಇದು. ಅದೇ ಸೊಸೆ, ನನ್ನ ಮೊಮ್ಮಗಳು ಎನ್‌ಸಿಸಿಯವರ ಗುರಿ ಹೊಡೆಯುವ ಕ್ಯಾಂಪಿಗೆ ಆಯ್ಕೆಯಾಗಿ ಬಂದಾಗ, "ಹೆಣ್ಣುಹುಡುಗಿಗೆ ಬಂದೂಕು ಯಾಕ್ರೀ ಅತ್ತೆ?" ಎಂದಳು. ಪೂಜೆ ಮಾಡಲು ಆಯುಧ ಬೇಕು, ಮುಟ್ಟಲು ಬೇಡ! ಈ ಜಗಳವನ್ನು ಮನೆಯಲ್ಲಿ ನಾನಿನ್ನೂ ಗೆದ್ದಿಲ್ಲ. ಅದಕ್ಕೇ ನಿಮ್ಮ ಮುಂದೆ ತಂದಿದ್ದೇನೆ.

ದುರ್ಬೀನು ನನ್ನ ಸೋದರಮಾವನದು. ಅವರು ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡುತ್ತಿದ್ದವರು. 1941ರಲ್ಲಿ ಹುಟ್ಟಿದ ಆ ಕಾರ್ಖಾನೆ ಈಗಿಲ್ಲ, ಮಾಮನೂ ಇಲ್ಲ. ಬೆಂಗಳೂರಿನಲ್ಲಿ ಮಿಲಿಟರಿ ಹಳೇ ಸಾಮಾನು ಮಾರುವ ಅಂಗಡಿಯಲ್ಲಿ ಅದನ್ನು ಕೊಂಡಿದ್ದರಂತೆ. ಒಂದು ಗೇಣಿಗಿಂತ ತುಸು ಉದ್ದ, ಕೈಗೆ ಒಳ್ಳೆ ಭಾರ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಲೀ ಎನ್‌ಫೀಲ್ಡ್ ರೈಫಲ್ಲಿಗೆ ಕೂರಿಸುತ್ತಿದ್ದ 'ನಂಬರ್ 32' ಎಂಬ ಜಾತಿಯದು. ಮೊದಲು ಬ್ರೆನ್ ಗನ್ನಿಗೆಂದು ಯೋಚಿಸಿದ್ದು, ಕೊನೆಗೆ ರೈಫಲ್ಲಿನ ಪಾಲಾಯಿತು. ದೊಡ್ಡದು ಮಾಡಿ ತೋರಿಸುವುದು ಮೂರು ಪಟ್ಟು ಮಾತ್ರ. ಒಳಗೆ ಕೆಳಗಿನಿಂದ ಎದ್ದ ಒಂದು ಚೂಪು ಕಂಬ, ಅದಕ್ಕೆ ಅಡ್ಡಲಾಗಿ ಒಂದು ಸಣ್ಣ ಎಳೆ. ಮೇಲೆ ತಿರುಗಿಸುವ ಬಿರಡೆ. ಅದರ ಸುತ್ತ ಅಂಕಿಗಳು, ಒಂದೊಂದು ಅಂಕಿಯೂ ನೂರು ಗಜ.

ಇಂಥ ಒಂದೊಂದು ದುರ್ಬೀನನ್ನೂ ಒಂದೊಂದು ರೈಫಲ್ಲಿಗೇ ಹೊಂದಿಸಿ, ದುರ್ಬೀನಿನ ನಂಬರನ್ನು ಆ ರೈಫಲ್ಲಿನ ಮರದ ಹಿಡಿಯ ಮೇಲೆ ಒತ್ತುತ್ತಿದ್ದರು. ನಮ್ಮ ಮದುವೆಯ ಪಾತ್ರೆಗಳ ಮೇಲೆ ಹೆಸರು ಹೊಡೆಸುವುದಿಲ್ಲವೇ, ಹಾಗೆ. ನಮ್ಮ ಮನೆಗೆ ಬಂದದ್ದು ಜೋಡಿ ಕಳೆದುಕೊಂಡದ್ದು.

ಬೇಸಿಗೆ ರಜೆಗೆ ಹರಿಹರಕ್ಕೆ ಹೋದಾಗ ಮಾಮ ನನ್ನನ್ನು ತುಂಗಭದ್ರೆಯ ದಡಕ್ಕೆ ಕರೆದೊಯ್ಯುತ್ತಿದ್ದರು. ಮರಳಿನ ಚೀಲದ ಮೇಲೆ ದುರ್ಬೀನಿಟ್ಟು ಎದುರು ದಡದ ಒಂದು ಕಲ್ಲಿಗೆ ಕಂಬದ ತುದಿ ಕೂಡಿಸು ಎನ್ನುತ್ತಿದ್ದರು. ಆಮೇಲೆ ಬಿರಡೆಯನ್ನು ಟಿಕ್ ಟಿಕ್ ಎಂದು ಅತ್ತ ತಿರುಗಿಸಿ, ಅಷ್ಟೇ ಟಿಕ್ ಇತ್ತ ತಿರುಗಿಸಿ, "ಈಗ ನೋಡು ತಂಗಿ, ತುದಿ ಅದೇ ಕಲ್ಲಿಗೇ ವಾಪಸ್ ಬಂತೋ ಇಲ್ಲೋ?" ಬಂದಿರುತ್ತಿತ್ತು. ಲೇತಿನ ಸ್ಕ್ರೂ ಸವೆದು ಸಡಿಲವಾದರೆ ಏನಾಗುತ್ತದೆಂದು ಬಲ್ಲವರು ಅವರು. ಇಂಚಿನ ಸಾವಿರದಲ್ಲೊಂದು ಪಾಲಿಗಾಗಿ ಜೀವ ತೇಯ್ದವರು. ಹಳೆಯ ದುರ್ಬೀನಿನ ಬೆಲೆಯನ್ನು ಅವರು ಹಾಗೆ ಕಟ್ಟುತ್ತಿದ್ದರು. ಎಷ್ಟು ದೊಡ್ಡದು ಮಾಡಿ ತೋರಿಸುತ್ತದೆ ಎಂದು ಕೇಳಿದವರನ್ನು ಕಂಡರೆ ಅವರಿಗೆ ನಗು. ಹೆಚ್ಚು ದೊಡ್ಡದು ಮಾಡಿದಷ್ಟೂ ನಿಮ್ಮ ನಾಡಿಮಿಡಿತದ ನಡುಕವೂ ದೊಡ್ಡದಾಗಿಯೇ ಕಾಣುತ್ತದೆ.

ದೂರಕ್ಕೆ ಗುರಿ ಹೊಡೆಯುವುದೆಂದರೆ ತೋಳ್ಬಲವೆಂದು ನಾವು ತಿಳಿದಿದ್ದೇವೆ. ಲೆಕ್ಕ ಕೇಳಿ. ಒಂದು ಡಿಗ್ರಿಯನ್ನು 60 ಪಾಲು ಮಾಡಿ, ಅದರಲ್ಲಿ ಒಂದೇ ಪಾಲು ತಪ್ಪಿದರೆ 100 ಗಜದಲ್ಲಿ ಗುಂಡು ಒಂದು ಇಂಚು ಆಚೆ ಬೀಳುತ್ತದೆ. 1000 ಗಜದಲ್ಲಿ 10 ಇಂಚು. ಆ ಕಾಲದ ರೈಫಲ್ಲಿನ ಗುಂಡು 600 ಗಜ ಮುಟ್ಟಲು ಸುಮಾರು ಒಂದು ಸೆಕೆಂಡು ಬೇಕು. ಒಂದು ಸೆಕೆಂಡಿನಲ್ಲಿ ಭೂಮಿ ಯಾವ ವಸ್ತುವನ್ನಾದರೂ ಹತ್ತಿರ ಹತ್ತಿರ 16 ಅಡಿ ಕೆಳಕ್ಕೆ ಎಳೆಯುತ್ತದೆ, ಗುಂಡಿಗೇನೂ ರಿಯಾಯಿತಿ ಇಲ್ಲ. ಅಷ್ಟನ್ನು ಮೊದಲೇ ಲೆಕ್ಕ ಹಾಕಿ ಬಿರಡೆ ತಿರುಗಿಸಬೇಕು. ಅಡ್ಡಗಾಳಿಯನ್ನು ಹುಲ್ಲಿನ ತುದಿಯಲ್ಲಿ ಓದಬೇಕು, ಬಿಸಿಲಿಗೆ ನೆಲದಿಂದ ಏಳುವ ಝಳದಲ್ಲಿ ಓದಬೇಕು. ಉಸಿರು ಅರ್ಧ ಬಿಟ್ಟು ನಿಲ್ಲಿಸಿ, ಟ್ರಿಗರನ್ನು ಎಳೆಯದೆ, ಒತ್ತುತ್ತಾ ಹೋಗಬೇಕು. ಪಾಕ ಒಂದೆಳೆ ಬಂತೋ ಎರಡೆಳೆಯೋ ಎಂದು ಉಸಿರು ಹಿಡಿದು ನೋಡುವ ನಮಗೆ ಇದರಲ್ಲಿ ಬಾರದ್ದು ಏನಿದೆ, ಹೇಳಿ?

1948ರಲ್ಲಿ ಎನ್‌ಸಿಸಿ ಶುರುವಾಯಿತು, ಹುಡುಗಿಯರ ವಿಭಾಗ ಮರುವರ್ಷವೇ ಬಂತು. ನಾನು ಸೇರಿದ್ದು 1976ರಲ್ಲಿ. ಯಾವ ಕಾಲೇಜೆಂದು ಬೇಡ. ನಮ್ಮ ಪಾಲಿಗೆ ಬಂದ ರೈಫಲ್ ಕೆಲಸವೆಂದರೆ ನಳಿಗೆಯೊಳಗೆ ಚಿಂದಿ ಹಾಕಿ ಎಳೆದು ಒರೆಸುವುದು. ಹುಡುಗರು ಹೊಡೆದು ಬರುತ್ತಿದ್ದರು, ನಾವು ಒರೆಸುತ್ತಿದ್ದೆವು. ಮನೆಯಲ್ಲೂ ಎಂಜಲು ಒರೆಸುವುದೇ ತಾನೇ. ಒಂದು ದಿನ ಅದೇನು ತಿಳಿಯಿತೋ, ಹವಾಲ್ದಾರರು ಐದು ಗುಂಡು ಕೊಟ್ಟು ಮಲಗಿ ಹೊಡೆಯಲು ಹೇಳಿದರು. .22 ರೈಫಲ್, 25 ಗಜ. ದುರ್ಬೀನಿಲ್ಲ, ಕಬ್ಬಿಣದ ಗುರಿಕಣ್ಣು ಮಾತ್ರ. ಹೊಡೆದೆ. ನಡುವಿನ ಕಪ್ಪು ಬೊಟ್ಟಿಗೆ ಒಂದೂ ಬಿದ್ದಿರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿದೆ. ಹವಾಲ್ದಾರರು ಜೇಬಿನಿಂದ ಒಂದು ರೂಪಾಯಿ ತೆಗೆದು ಎಡಗಡೆ ಬಿದ್ದ ಐದು ತೂತುಗಳ ಮೇಲಿಟ್ಟರು. ಐದೂ ಮುಚ್ಚಿಹೋದವು. "ಈ ಹುಡುಗಿ ಹೊಡೀತಾಳೆ" ಎಂದರು. ಐದೂ ಒಂದೇ ಕಡೆ ತಪ್ಪಿದರೆ ತಪ್ಪು ಗುರಿಕಣ್ಣಿನದು, ಎರಡು ಸುತ್ತು ತಿರುಗಿಸಿದರೆ ಸರಿಹೋಗುತ್ತದೆ. ಒಂದು ನಡುವಿಗೆ ಬಿದ್ದು ನಾಲ್ಕು ಚೆಲ್ಲಾಪಿಲ್ಲಿಯಾದವನಿಗೆ ಕಲಿಯುವುದು ಬಹಳ ಇದೆ ಎಂದು ಆವತ್ತು ತಿಳಿಯಿತು. ಹೆಣ್ಣುಮಕ್ಕಳನ್ನು ಸದಾ ಒಂದೇ ಗುಂಡಿನ ಮೇಲೆ ತೂಗುವ ನಮ್ಮ ಜನಕ್ಕೆ ಈ ಪಾಠವನ್ನು ಯಾರು ಹೇಳಬೇಕು?

ಮುಂದಿನ ಕ್ಯಾಂಪಿಗೆ ನಾನು ಹೋಗಲಿಲ್ಲ. "ಭುಜ ಬಿದ್ದುಹೋಗ್ತದೆ, ಆಮೇಲೆ ಗಂಡು ಸಿಗೋದು ಕಷ್ಟ" ಎಂದರು ಅಪ್ಪ. .22 ರೈಫಲ್ ಹೊಡೆದಾಗ ಭುಜಕ್ಕೆ ಬೀಳುವ ಏಟು ಕೂಸು ಒದ್ದಷ್ಟೂ ಇರುವುದಿಲ್ಲ. ಅಪ್ಪ ಬಂದೂಕು ಮುಟ್ಟಿದವರಲ್ಲ, ನಾನು ಮುಟ್ಟಿದ್ದೆ. ಆದರೂ ಅವರ ಮಾತೇ ನಡೆಯಿತು.

ಈಗ ಸೊಸೆಯ ಪರವಾಗಿ ಮಾತಾಡುವವರು ಇನ್ನೊಂದು ರಾಗ ತೆಗೆಯುತ್ತಾರೆ. ಕಲಿತರೆ ಆತ್ಮರಕ್ಷಣೆಗಾದರೂ ಬರಬೇಕು, ದಿನಾ ಬಸ್ಸಿನಲ್ಲಿ ರೈಫಲ್ ಒಯ್ಯಲಾದೀತೇ, ಎಂದು. ಆಗುವುದಿಲ್ಲ. ಯಾರು ಒಯ್ಯಿ ಎಂದರು? ಹುಡುಗ ಕ್ರಿಕೆಟ್ ಆಡಿದರೆ ಆತ್ಮರಕ್ಷಣೆಗೇ ಎಂದು ಯಾರಾದರೂ ಕೇಳುತ್ತಾರೆಯೇ? ಹುಡುಗಿಯ ಒಂದೊಂದು ಆಸೆಗೂ ಉಪಯೋಗದ ಸರ್ಟಿಫಿಕೇಟು ಬೇಕು. ಪಕ್ಕದ ಚಿತ್ರದುರ್ಗದ ಓಬವ್ವನ ಹೆಸರು ಹೇಳಿ ವೇದಿಕೆಯಲ್ಲಿ ಗುಡುಗುವವರೂ ಮನೆಗೆ ಬಂದ ಮೇಲೆ ಮಗಳ ಕೈಗೆ ಒನಕೆಯನ್ನಷ್ಟೇ ಕೊಡುತ್ತಾರೆ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೆ ಹೆಂಗಸರೂ ನಿಲ್ಲುತ್ತಾರೆ. ಅಲ್ಲೂ ಹಳೆಯ ವಾಡಿಕೆಯಲ್ಲಿ ಗುಂಡು ಹಾರುತ್ತಿದ್ದದ್ದು ಗಂಡುಮಗು ಹುಟ್ಟಿದರೆ ಎಂಬುದನ್ನೂ ಹೇಳಿಬಿಡುತ್ತೇನೆ, ಹೊಗಳಿಕೆ ಹೆಚ್ಚಾಗದಿರಲಿ.

ಮೊನ್ನೆ ಮಗನ ಸ್ನೇಹಿತರೊಬ್ಬರು ದುರ್ಬೀನು ಕೊಳ್ಳಲು ಬಂದರು. ಜರ್ಮನಿಯ ಝೈಸ್, ವಿಯೆನ್ನಾದ ಕಾಲೆಸ್, ಅಮೆರಿಕದ ವೀವರ್ ಎಂದು ಒಂದು ಗಂಟೆ ಬಾಯಿಪಾಠ ಒಪ್ಪಿಸಿದರು. ಶೋಕೇಸಿನಲ್ಲಿಡುತ್ತಾರಂತೆ. "ಅಡ್ಡಗಾಳಿ ಬೀಸಿದರೆ ಏನು ಮಾಡ್ತೀರಿ?" ಎಂದು ಕೇಳಿದೆ. ಅವರು ಈವರೆಗೆ ಒಂದೂ ಗುಂಡು ಹೊಡೆದಿಲ್ಲ. ಕಾಫಿ ಕೊಟ್ಟು ಕಳಿಸಿದೆ.

ನಮ್ಮ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರ್ 2004ರಲ್ಲಿ ಕೌಲಾಲಂಪುರದ ಏಷ್ಯನ್ ಚಾಂಪಿಯನ್‌ಶಿಪ್ಪಿನ ಅರ್ಹತಾ ಸುತ್ತಿನಲ್ಲಿ 400ಕ್ಕೆ 400 ಹೊಡೆದರು, ಅದು ವಿಶ್ವದಾಖಲೆಗೆ ಸಮ. ಆ ಪಂದ್ಯದಲ್ಲಿ ದುರ್ಬೀನು ಕೂಡದು. 10 ಮೀಟರ್ ಆಚೆ ಹತ್ತು ಅಂಕದ ಬೊಟ್ಟು ಬರೀ ಅರ್ಧ ಮಿಲಿಮೀಟರು, ಸಾಸಿವೆಗಿಂತ ಚಿಕ್ಕದು. ನಲವತ್ತು ಸಲ ಸಾಸಿವೆಯನ್ನು ಹುಡುಕಿ ಹೊಡೆದ ಹೆಂಗಸು ಆಕೆ. 2010ರಲ್ಲಿ ಮ್ಯೂನಿಕ್‌ನಲ್ಲಿ ಕೊಲ್ಹಾಪುರದ ತೇಜಸ್ವಿನಿ ಸಾವಂತ್ 50 ಮೀಟರ್ ರೈಫಲ್ಲಿನಲ್ಲಿ ವಿಶ್ವ ಚಾಂಪಿಯನ್ ಆದರು. ಇವರ ಮನೆಯವರೂ ಭುಜದ ಚಿಂತೆ ಮಾಡುತ್ತಾ ಕೂತಿದ್ದರೆ?

ಮೊಮ್ಮಗಳ ಫಾರಂ ಇನ್ನೂ ಟಿವಿಯ ಮೇಲಿದೆ. ಮಗ ಸಹಿ ಹಾಕಿದ್ದಾನೆ. "ಅಮ್ಮನೂ ಹೂಂ ಅನ್ಬೇಕು ಅಜ್ಜಿ" ಎಂದು ಹುಡುಗಿ ಹಟ ಹಿಡಿದಿದ್ದಾಳೆ. ನಿನ್ನೆ ಸಂಜೆ ಸೊಸೆಯನ್ನು ಮಹಡಿಗೆ ಕರೆದು, ದುರ್ಬೀನನ್ನು ತಲೆದಿಂಬಿನ ಮೇಲಿಟ್ಟು, ಎದುರಿನ ನೀರಿನ ಟ್ಯಾಂಕಿಗೆ ಕಂಬದ ತುದಿ ಕೂಡಿಸು ಎಂದೆ. ಹೋಗ್ರೀ ಅತ್ತೆ ಎಂದವಳು ಕಾಲು ಗಂಟೆ ಕದಲಲಿಲ್ಲ. ಕೆಳಗೆ ಕುಕ್ಕರ್ ಕೂಗುತ್ತಲೇ ಇತ್ತು. ಹೂಂ ಎಂದಿಲ್ಲ. ಕ್ಯಾಂಪಿಗೆ ಹೊರಡುವುದು ಸೋಮವಾರ. ಖಾರ ಮಂಡಕ್ಕಿಯನ್ನಂತೂ ನಾನು ಡಬ್ಬಿಗೆ ತುಂಬಿಟ್ಟಿದ್ದೇನೆ.