ಗುಜರಿ ಪಟ್ಟಿಯಲ್ಲಿ ಹೆಸರುಂಟು, ದುರಸ್ತಿ ಪಟ್ಟಿಯಲ್ಲಿಲ್ಲ

ಆಲಮಟ್ಟಿ: ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ. ಅಲ್ಲಿಂದ ಬೇಸಿಗೆ ಮುಗಿಯುವ ತನಕ ಕೃಷ್ಣಾ ತೀರದ ಊರುಗಳಲ್ಲಿ ನಾಟಕ, ಭಜನೆ, ರಸಮಂಜರಿಗಳಿಗೆ ಬಿಡುವಿಲ್ಲ. ಗಿಟಾರ್, ಕೀಬೋರ್ಡ್, ಹಾರ್ಮೋನಿಯಂ ಯಾವುದೇ ಇರಲಿ, ಅದರ ದನಿ ಕೊನೆಯ ಸಾಲಿನ ಪ್ರೇಕ್ಷಕನಿಗೆ ತಲುಪಬೇಕಾದರೆ ಆಂಪ್ಲಿಫೈಯರ್ ಬೇಕು. ಅದು ನಡುರಾತ್ರಿ ಕೆಟ್ಟರೆ ಮುಂಗಡ ಪಡೆದ ತಂಡಕ್ಕೆ ಅಂದಿನ ಸಂಭಾವನೆಯೂ ಇಲ್ಲ, ಮರುದಿನದ ಕಾರ್ಯಕ್ರಮವೂ ಅನುಮಾನ.

'ದುರಸ್ತಿಯ ಹಕ್ಕು' ಕುರಿತ ಚರ್ಚೆಯನ್ನು ಇಂಥ ಊರುಗಳಿಂದ ನೋಡಿದಾಗ ಅದರ ಕೊರತೆ ಎದ್ದು ಕಾಣುತ್ತದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಇದಕ್ಕಾಗಿ ಸಮಿತಿ ರಚಿಸಿತು. ಅದೇ ವರ್ಷದ ಡಿಸೆಂಬರ್ 24ರಂದು ಜಾಲತಾಣವನ್ನೂ ಆರಂಭಿಸಿತು. ಕೃಷಿ ಯಂತ್ರ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ವಿಭಾಗಗಳನ್ನು ಆರಿಸಿಕೊಳ್ಳಲಾಯಿತು. 2025ರ ಮೇ ತಿಂಗಳಲ್ಲಿ ಸಲ್ಲಿಕೆಯಾದ 'ದುರಸ್ತಿ ಸೂಚ್ಯಂಕ'ದ ವರದಿ ಮೊದಲ ಆದ್ಯತೆ ನೀಡಿದ್ದು ಸ್ಮಾರ್ಟ್‌ಫೋನ್ ಮತ್ತು ಟ್ಯಾಬ್ಲೆಟ್‌ಗಳಿಗೆ. ಇತ್ತ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಅನುಸೂಚಿಯಲ್ಲಿ ಆಂಪ್ಲಿಫೈಯರ್‌ನ ಹೆಸರು ಸ್ಪಷ್ಟವಾಗಿದೆ. ಅಂದರೆ ಈ ಸಾಧನ ಕಸವಾದಾಗ ಏನು ಮಾಡಬೇಕೆಂಬುದನ್ನು ಸರ್ಕಾರ ಯೋಚಿಸಿದೆ. ಕಸವಾಗದಂತೆ ತಡೆಯುವುದು ಹೇಗೆಂಬುದು ಸರದಿಯಲ್ಲಿ ಕಾಯುತ್ತಿದೆ.

ವಿಪರ್ಯಾಸವೆಂದರೆ, ಬಿಡಿ ಟ್ರಾನ್ಸಿಸ್ಟರ್‌ಗಳ ಆಂಪ್ಲಿಫೈಯರ್‌ನಷ್ಟು ಸುಲಭವಾಗಿ ಮರುಜೀವ ಪಡೆಯುವ ಎಲೆಕ್ಟ್ರಾನಿಕ್ ಸಾಧನಗಳು ಕಡಿಮೆ. ಅದು ಕೆಡುವುದಕ್ಕೆ ಕಾರಣಗಳೂ ಬಹುತೇಕ ಗೊತ್ತಿರುವಂಥವೇ. ಸದ್ದು ಸಾಲದೆಂದು ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಜೋಡಿಸುವುದು ಮೊದಲನೆಯದು. 8 ಓಮ್‌ನ ನಾಲ್ಕು ಸ್ಪೀಕರ್‌ಗಳನ್ನು ಸಮಾನಾಂತರವಾಗಿ ಜೋಡಿಸಿದರೆ ಒಟ್ಟು ರೋಧ 2 ಓಮ್‌ಗೆ ಇಳಿದು, ವಿದ್ಯುತ್ ಪ್ರವಾಹ ನಾಲ್ಕು ಪಟ್ಟಾಗುತ್ತದೆ. ಔಟ್‌ಪುಟ್ ಟ್ರಾನ್ಸಿಸ್ಟರ್ ಅದನ್ನು ತಾಳಲಾರದು. ಇನ್ನೊಂದು ಕಾರಣ ಕಂಬದಲ್ಲಿದೆ. ನ್ಯೂಟ್ರಲ್ ತಂತಿ ಸಡಿಲಗೊಂಡರೆ 230 ವೋಲ್ಟ್ ಇರಬೇಕಾದ ಕಡೆ 400 ವೋಲ್ಟ್‌ನ ಸನಿಹಕ್ಕೂ ಏರಬಹುದು. ಆಲಮಟ್ಟಿ ಜಲವಿದ್ಯುತ್ ಕೇಂದ್ರದ ಸಾಮರ್ಥ್ಯ 290 ಮೆಗಾವಾಟ್, ಇದೇ ಜಿಲ್ಲೆಯ ಕೂಡಗಿಯ ಉಷ್ಣ ಸ್ಥಾವರದ್ದು 2400 ಮೆಗಾವಾಟ್. ಆದರೆ ವೇದಿಕೆಯ ಮೇಲಿನ ಉಪಕರಣದ ಆಯಸ್ಸನ್ನು ನಿರ್ಧರಿಸುವುದು ಈ ಮೆಗಾವಾಟ್‌ಗಳಲ್ಲ, ಜಾತ್ರೆಗೆಂದು ತರಾತುರಿಯಲ್ಲಿ ಎಳೆದ ತಾತ್ಕಾಲಿಕ ತಂತಿಯ ಒಂದು ಗಂಟು.

ಕೆಟ್ಟ ಮೇಲೆ ಆಗುವ ಅನಾಹುತ ಇನ್ನೂ ದೊಡ್ಡದು. ಫ್ಯೂಸ್ ಸುಟ್ಟಿತೆಂದು ಅದರ ಜಾಗಕ್ಕೆ ದಪ್ಪ ತಂತಿ ಸುತ್ತುವುದು ವೇದಿಕೆಗಳಲ್ಲಿ ಹಳೆಯ ರೂಢಿ. ಫ್ಯೂಸ್ ಸುಟ್ಟಿರುವುದು ಒಳಗಿನ ದೋಷದ ಸೂಚನೆ. ತಂತಿ ಸುತ್ತಿದರೆ ಟ್ರಾನ್ಸ್‌ಫಾರ್ಮರ್ ಕೂಡ ಬಲಿಯಾಗುತ್ತದೆ. ಅನುಭವಿ ಮೆಕ್ಯಾನಿಕ್ ಮೊದಲು ಕೈಹಾಕುವುದು ಸೀರೀಸ್ ಬೋರ್ಡ್‌ಗೆ. ಆಂಪ್ಲಿಫೈಯರ್‌ನೊಂದಿಗೆ 60 ಅಥವಾ 100 ವ್ಯಾಟ್‌ನ ಹಳೆಯ ತಂತುಬಲ್ಬನ್ನು ಸರಣಿಯಲ್ಲಿ ಜೋಡಿಸುತ್ತಾನೆ. ಬಲ್ಬ್ ಒಮ್ಮೆ ಬೆಳಗಿ ಮಂಕಾದರೆ ಭಯವಿಲ್ಲ. ಪ್ರಖರವಾಗಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಆಗಿದೆಯೆಂದು ಅರ್ಥ. ಇಲ್ಲಿ ಎಲ್‌ಇಡಿ ಬಲ್ಬ್ ಉಪಯೋಗಕ್ಕೆ ಬರುವುದಿಲ್ಲ. ಹೀಗಾಗಿ ಮನೆಗಳಿಂದ ಮರೆಯಾದ ತಂತುಬಲ್ಬ್ ರಿಪೇರಿ ಅಂಗಡಿಗಳಲ್ಲಿ ಮಾತ್ರ ಜತನವಾಗಿರುತ್ತದೆ.

ಮುಂದಿನ ಹಂತ ಸ್ಪೀಕರ್ ಬಿಚ್ಚಿಟ್ಟು ಔಟ್‌ಪುಟ್‌ನಲ್ಲಿ ಮೀಟರ್ ಹಿಡಿಯುವುದು. ಸ್ಪೀಕರ್‌ಗೆ ನೇರ ಸಂಪರ್ಕವಿರುವ, ಧನ-ಋಣ ಎರಡೂ ವೋಲ್ಟೇಜ್ ಬಳಸುವ ಆಂಪ್ಲಿಫೈಯರ್‌ನಲ್ಲಿ ಡಿ.ಸಿ. ವೋಲ್ಟೇಜ್ ಸೊನ್ನೆಯ ಆಸುಪಾಸಿನಲ್ಲಿರಬೇಕು. ಹತ್ತಾರು ವೋಲ್ಟ್ ತೋರಿಸಿದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿದೆಯೆಂಬ ಶಂಕೆ ಬಲವಾಗುತ್ತದೆ. ಆ ಸ್ಥಿತಿಯಲ್ಲಿ ಸ್ಪೀಕರ್ ಜೋಡಿಸಿದರೆ ಅದರ ಕಾಯಿಲ್ ಸುಟ್ಟುಹೋಗುತ್ತದೆ. ಕೆಟ್ಟ ಟ್ರಾನ್ಸಿಸ್ಟರ್ ಒಂದನ್ನಷ್ಟೇ ಬದಲಿಸುವುದು ಮಿತವ್ಯಯವಲ್ಲ. ಅದರ ಜೋಡಿ, ಹಿಂದಿನ ಡ್ರೈವರ್, ಪಕ್ಕದ ಎಮಿಟರ್ ರೆಸಿಸ್ಟರ್ ಎಲ್ಲವನ್ನೂ ಪರೀಕ್ಷಿಸದಿದ್ದರೆ ಹೊಸದು ಕೆಲವೇ ಕ್ಷಣಗಳಲ್ಲಿ ಹಳೆಯದರ ಹಾದಿ ಹಿಡಿಯುತ್ತದೆ. ಟ್ರಾನ್ಸಿಸ್ಟರ್ ಮತ್ತು ಹೀಟ್ ಸಿಂಕ್ ನಡುವಿನ ಮೈಕಾ ಹಾಳೆ ಹರಿದಿದ್ದರೂ ಇದೇ ಗತಿ.

ಇಷ್ಟು ವಿದ್ಯೆ ತಾಲ್ಲೂಕು ಕೇಂದ್ರಗಳ ಅಂಗಡಿಗಳಲ್ಲಿ ಬೆಳೆದುಬಂದಿದೆ. ಆದರೆ ಬಿಡಿಭಾಗಗಳ ಮಾರುಕಟ್ಟೆಯೇ ಅದಕ್ಕೆ ಮುಳುವಾಗುತ್ತಿದೆ. 2ಎನ್3055ರಂಥ ಜನಪ್ರಿಯ ಟ್ರಾನ್ಸಿಸ್ಟರ್‌ಗಳ ನಕಲುಗಳಲ್ಲಿ ಹೊರಕವಚ ಅದೇ, ಮುದ್ರೆಯೂ ಅದೇ. ಒಳಗಿನ ಸಿಲಿಕಾನ್ ಚೂರು ಮಾತ್ರ ಅಸಲಿಗಿಂತ ಚಿಕ್ಕದು. ಪರೀಕ್ಷೆಯಲ್ಲಿ ಪಾಸಾಗುವ ಇವು ಪೂರ್ಣ ಭಾರ ಬಿದ್ದಾಗ ಕೈಕೊಡುತ್ತವೆ. ಗ್ರಾಹಕನ ದೂರು ಮೆಕ್ಯಾನಿಕ್‌ನ ಮೇಲೆ, ಲಾಭ ನಕಲು ಮಾರಿದವನಿಗೆ.

ಹೊಸ ತಲೆಮಾರಿನ ಹಗುರ ಆಂಪ್ಲಿಫೈಯರ್‌ಗಳು ಬಂದ ಮೇಲೆ ಸಮಸ್ಯೆಯ ಸ್ವರೂಪವೇ ಬದಲಾಗಿದೆ. ಟೆಂಪೊದಲ್ಲಿ ಊರೂರು ಸುತ್ತುವವರಿಗೆ ಭಾರ ಕಡಿಮೆಯಾದದ್ದು ನಿಜಕ್ಕೂ ಅನುಕೂಲವೇ. ಆದರೆ ಸಾಸಿವೆಯಷ್ಟು ಬಿಡಿಭಾಗಗಳನ್ನು ಒತ್ತೊತ್ತಾಗಿ ಕೂರಿಸಿದ ಅವುಗಳ ಬೋರ್ಡನ್ನು ನಕ್ಷೆಯಿಲ್ಲದೆ ಸರಿಪಡಿಸುವುದು ಕಷ್ಟ. ಇಡೀ ಬೋರ್ಡನ್ನೇ ಬದಲಿಸಬೇಕು, ಅದು ಸಿಗುವುದು ಕಂಪನಿಯ ಸೇವಾ ಕೇಂದ್ರದಲ್ಲಿ. ಜಾತ್ರೆ ಅಷ್ಟು ದಿನ ಕಾಯುವುದಿಲ್ಲ. ಹಿಂದೆ ಎಷ್ಟೋ ರೇಡಿಯೊಗಳ ಹಿಂಬದಿಯ ಮುಚ್ಚಳದ ಒಳಗೆ ಸರ್ಕ್ಯೂಟ್ ನಕ್ಷೆ ಅಂಟಿಸಿರುತ್ತಿದ್ದರು ಎಂಬುದನ್ನು ಇಲ್ಲಿ ನೆನೆಯಬಹುದು.

ದುರಸ್ತಿ ಮಾಹಿತಿ ಮತ್ತು ಬಿಡಿಭಾಗಗಳ ಲಭ್ಯತೆ ಎರಡೂ ಸೂಚ್ಯಂಕದ ಮಾನದಂಡಗಳಲ್ಲಿವೆ. ಅವನ್ನು ಧ್ವನಿ ಉಪಕರಣಗಳಿಗೂ ವಿಸ್ತರಿಸಲು ಹೊಸ ಸಿದ್ಧಾಂತವೇನೂ ಬೇಕಿಲ್ಲ. ಐಟಿಐಗಳಲ್ಲಿ ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಕೋರ್ಸ್ ಮುಗಿಸಿ ಬರುವ ಹುಡುಗರಿಗೆ ಮೀಟರ್ ಹಿಡಿಯುವುದು ಗೊತ್ತು. ಯಾವ ಬಿಂದುವಿನಲ್ಲಿ ಎಷ್ಟು ವೋಲ್ಟ್ ಇರಬೇಕೆಂದು ಹೇಳುವ ಕಾಗದವನ್ನು ಕಂಪನಿಗಳೇ ಕೊಡಬೇಕು.